ರೇಡಿಯೇಟರ್ ಸೋರುತ್ತಿದೆ, ಮನೆಯಲ್ಲೇ ಸರಿ ಮಾಡಬಹುದೇ?

ಪ್ರಶ್ನೆ: ನನ್ನದು 11 ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಒಂದು ತಿಂಗಳಿಂದ ವಾರಕ್ಕೆ ಅರ್ಧ ಲೀಟರಿನಷ್ಟು ಕೂಲೆಂಟ್ ಕಡಿಮೆಯಾಗುತ್ತಿದೆ. ಸದ್ಯಕ್ಕೆ ಮನೆಯ ಬೋರ್‌ವೆಲ್ ನೀರನ್ನೇ ತುಂಬಿಸಿಕೊಂಡು ಓಡಿಸುತ್ತಿದ್ದೇನೆ. ರೇಡಿಯೇಟರ್‌ನ ಒಂದು ಬದಿಯಲ್ಲಿ, ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಕಡೆ ಕೆಳಗೆ, ಹಸಿರು ಮಿಶ್ರಿತ ಬಿಳಿ ಹಕ್ಕಳೆ ಕಟ್ಟಿದೆ. ಒಬ್ಬ ಮೆಕ್ಯಾನಿಕ್ ಹೊಸ ರೇಡಿಯೇಟರ್ ಹಾಕಿಸಿ ಅಂದರು, ಇನ್ನೊಬ್ಬರು ಒಂದು ಹಿಡಿ ಅರಿಶಿನ ಪುಡಿ ಹಾಕಿ ನೋಡಿ ಅಂದರು. ಎಂ-ಸೀಲ್ ಹಚ್ಚಿ ಮನೆಯಲ್ಲೇ ಸರಿ ಮಾಡಿಕೊಳ್ಳಬಹುದೇ? (ತುಮಕೂರಿನಿಂದ ಒಬ್ಬ ಓದುಗರು)

ಉತ್ತರ: ಎಂ-ಸೀಲ್ ಬೇಡ, ಅರಿಶಿನವೂ ಬೇಡ. ಹಾಗಂತ ನಾಳೆಯೇ ಹೊಸ ರೇಡಿಯೇಟರ್ ತರಬೇಕಾದ ಸ್ಥಿತಿಯೂ ಇರಲಿಕ್ಕಿಲ್ಲ. ನೀವು ಹೇಳುವ ಜಾಗದಲ್ಲಿ, ಅಂದರೆ ಪ್ಲಾಸ್ಟಿಕ್ ಟ್ಯಾಂಕೂ ಅಲ್ಯೂಮಿನಿಯಂ ಕೋರೂ (ನಡುವಿನ ಕೊಳವೆಗಳ ಜಾಲರಿ) ಕೂಡುವ ಅಂಚಿನಲ್ಲಿ, ನಿಜವಾಗಿಯೂ ಸೋರುತ್ತಿದ್ದರೆ ಅಲ್ಲಿ ಕೆಲಸಕ್ಕೆ ಬರುವುದು ಅಂಟಲ್ಲ, ಪ್ಲೇಯರ್. ಆದರೆ ಹಕ್ಕಳೆ ಕಟ್ಟಿದ ಜಾಗವೇ ಸೋರುವ ಜಾಗ ಅಂತ ಈಗಲೇ ತೀರ್ಮಾನಿಸಬೇಡಿ. ನಿಮ್ಮ ಕಾರಿನಲ್ಲಿ ಟ್ಯಾಂಕುಗಳು ಎಡಬಲಕ್ಕಿವೆ, ಅಂಚು ನೆಟ್ಟಗೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಮೇಲ್ಗಡೆ ಎಲ್ಲೋ ಜಿನುಗಿದ ಕೂಲೆಂಟ್ ಅದೇ ಅಂಚು ಹಿಡಿದು ಕೆಳಗಿಳಿದು, ಕೊನೆಯಲ್ಲಿ ನಿಂತು ಒಣಗಿ ಹಕ್ಕಳೆಯಾಗುತ್ತದೆ. ಮೇಲಿನ ಹೋಸ್‌ನ ಕ್ಲಾಂಪ್ ಸಡಿಲವಾಗಿದ್ದರೂ ಕಲೆ ಕಾಣಿಸುವುದು ಕೆಳಗೇ.

ಎಲ್ಲಿ ಸೋರುತ್ತಿದೆ, ಆ ಜಾಗ ಯಾವುದರಿಂದ ಮಾಡಿದ್ದು, ಈ ಎರಡು ತಿಳಿದರೆ ರಿಪೇರಿಯ ದಾರಿ ತಾನಾಗಿ ಗೊತ್ತಾಗುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ರೇಡಿಯೇಟರ್ ಪೂರ್ತಿ ತಾಮ್ರ ಮತ್ತು ಹಿತ್ತಾಳೆಯದು. ಎಲ್ಲಿ ತೂತಾದರೂ ನವಸಾಗರ ತಿಕ್ಕಿ, ಸೀಸ-ತವರದ ಬೆಸುಗೆ ಇಟ್ಟರೆ ಮುಗಿಯುತ್ತಿತ್ತು. ನಿಮ್ಮದು ಬೇರೆಯೇ ಜಾತಿ. ನಡುವಿನ ಕೋರ್ ತೆಳು ಅಲ್ಯೂಮಿನಿಯಂ, ಎರಡು ಬದಿಯ ಟ್ಯಾಂಕುಗಳು ಗಾಜಿನ ನಾರು ಬೆರೆಸಿದ ನೈಲಾನ್, ನಡುವೆ ರಬ್ಬರ್ ಗ್ಯಾಸ್ಕೆಟ್. ಅಲ್ಯೂಮಿನಿಯಂ ತಟ್ಟೆಯ ಅಂಚಿನ ಹಲ್ಲುಗಳನ್ನು ಟ್ಯಾಂಕಿನ ಪಾದದ ಮೇಲೆ ಮಡಚಿ, ಬರೀ ಒತ್ತಡದ ಮೇಲೆ ಅದನ್ನು ನಿಲ್ಲಿಸಿರುತ್ತಾರೆ. ಹಳೆಯ ರೇಡಿಯೇಟರ್‌ಗೆ ಹೇಳಿದ ಮದ್ದು ಇದಕ್ಕೆ ನಾಟುವುದಿಲ್ಲ.

ಮೊದಲು ಎರಡು ಎಚ್ಚರಿಕೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಕುದಿಯದೆ ಇರುವುದು ಆ ಕ್ಯಾಪ್ ಹಿಡಿದಿಟ್ಟ ಒತ್ತಡದಿಂದ. ತೆರೆದ ಕ್ಷಣ ಒತ್ತಡ ಇಳಿದು ನೀರು ಒಮ್ಮೆಲೇ ಕುದಿದು ಉಗಿಯ ಜೊತೆ ಮುಖಕ್ಕೆ ಹಾರುತ್ತದೆ. ಎಂಜಿನ್ ನಿಲ್ಲಿಸಿ ಕನಿಷ್ಠ ಎರಡು ಗಂಟೆ ಬಿಡಿ, ಮೇಲಿನ ಹೋಸ್ ಹಿಸುಕಿ ನೋಡಿ. ಅದು ತಣ್ಣಗೆ, ಮೆತ್ತಗೆ ಇದ್ದರೆ ಮಾತ್ರ ಕ್ಯಾಪಿಗೆ ಕೈ ಹಾಕಿ. ಎರಡನೆಯದು, ಕೀಲಿ ತೆಗೆದಿದ್ದರೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿ ತಿರುಗುತ್ತದೆ. ಹತ್ತಿರ ಕೈ ಹಾಕುವ ಮೊದಲು 10ನೇ ನಂಬರಿನ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ.

ಸೋರುವ ಜಾಗ ಹಿಡಿಯುವುದು

ಕಾರಿನ ಕೆಳಗೆ ನೀರು ಕಂಡರೆಲ್ಲ ಅದು ರೇಡಿಯೇಟರಿನದಲ್ಲ. ಏಸಿ ಹಾಕಿ ಓಡಿಸಿದ ಮೇಲೆ ಮುಂದಿನ ಸೀಟಿನ ಕಾಲಿಡುವ ಜಾಗದ ಕೆಳಗೆ ಬೀಳುವುದು ಬರೀ ಹಬೆ ನೀರು, ಬಣ್ಣವಿಲ್ಲ, ವಾಸನೆಯಿಲ್ಲ. ಕೂಲೆಂಟ್‌ಗೆ ಬಣ್ಣವಿದೆ, ಬೆರಳಲ್ಲಿ ಉಜ್ಜಿದರೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ನಿಮ್ಮ ಕಾರಿಗೆ ತಿಂಗಳಿಂದ ನೀರೇ ಹಾಕಿರುವುದರಿಂದ ಬಣ್ಣ ತೆಳುವಾಗಿರುತ್ತದೆ, ಬಿಳಿ ಕಾಗದದ ಮೇಲೆ ಒತ್ತಿ ನೋಡಿ.

ರಾತ್ರಿ ಕಾರು ನಿಲ್ಲಿಸುವಾಗ ಮುಂಭಾಗದ ಕೆಳಗೆ ದೊಡ್ಡ ರಟ್ಟು ಹಾಸಿ, ಬಂಪರ್ ಎಲ್ಲಿಗೆ ಬರುತ್ತದೆಂದು ಅದರ ಮೇಲೆ ಗೆರೆ ಎಳೆಯಿರಿ. ಬೆಳಿಗ್ಗೆ ಹನಿ ಬಿದ್ದ ಜಾಗದಿಂದ ನೆಟ್ಟಗೆ ಮೇಲಕ್ಕೆ ಟಾರ್ಚ್ ಬಿಡಿ. ಆಮೇಲೆ ಎಂಜಿನ್ ತಣ್ಣಗಿರುವಾಗ ಹಕ್ಕಳೆಯನ್ನೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ. ಅನುಮಾನವಿರುವ ಅಂಚಿನ ಉದ್ದಕ್ಕೂ, ಹೋಸ್ ಕ್ಲಾಂಪುಗಳ ಸುತ್ತ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ. ಎಂಜಿನ್ ಚಾಲೂ ಮಾಡಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಟ್ಟು, ಆಫ್ ಮಾಡಿ ನೋಡಿ. ಒದ್ದೆಯಾದ ಪೌಡರ್ ಗೆರೆಯಾಗಿ ಎದ್ದು ಕಾಣುತ್ತದೆ. ಆ ಗೆರೆಯ ಅತಿ ಮೇಲಿನ ತುದಿಯೇ ನೀವು ಹುಡುಕುತ್ತಿರುವ ಜಾಗ. ಫ್ಯಾನ್ ಗಾಳಿ ಮುಂದಿನಿಂದ ಹಿಂದಕ್ಕೆ ಎಳೆಯುವುದರಿಂದ, ಕೋರ್‌ನಲ್ಲಿ ತೂತಿದ್ದರೆ ಸೋರಿದ ನೀರು ಹಿಂಬದಿಯ ಫ್ಯಾನ್ ಕವರಿಗೆ ಸಿಡಿದಿರುತ್ತದೆ. ಅಲ್ಲೂ ಒಮ್ಮೆ ಬೆಳಕು ಬಿಟ್ಟು ನೋಡಿ.

ಕ್ಯಾಪನ್ನು ಬಹಳ ಜನ ಮರೆಯುತ್ತಾರೆ. ಅದರಲ್ಲಿರುವುದು ಎರಡು ವಾಲ್ವ್. ಒಂದು ಒತ್ತಡ ಮಿತಿ ಮೀರಿದಾಗ ಕೂಲೆಂಟನ್ನು ಪಕ್ಕದ ಬಾಟಲಿಗೆ ಬಿಡುತ್ತದೆ, ಇನ್ನೊಂದು ಎಂಜಿನ್ ತಣ್ಣಗಾದಾಗ ಅದನ್ನು ವಾಪಸ್ ಎಳೆದುಕೊಳ್ಳಲು ಬಿಡುತ್ತದೆ. ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಬರೆದಿರುವುದು ಆ ಒತ್ತಡ. 1.1 ಅಂದರೆ ಸುಮಾರು 15.5 ಪಿಎಸ್‌ಐ. ರಬ್ಬರ್ ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ, ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಯೋಚಿಸದೆ ಬದಲಿಸಿ. ಅದೇ ನಂಬರಿನದ್ದೇ ತನ್ನಿ. 0.9ರ ಜಾಗಕ್ಕೆ 1.1 ಹಾಕಿದರೆ ಮುದಿ ಗ್ಯಾಸ್ಕೆಟ್ ಮೇಲೆ ಇನ್ನಷ್ಟು ಭಾರ ಹೇರಿದಂತಾಗುತ್ತದೆ.

ಹೊರಗೆ ಎಲ್ಲೂ ಒದ್ದೆ ಕಾಣದೆ ಕೂಲೆಂಟ್ ಇಳಿಯುತ್ತಿದ್ದರೆ ವಿಷಯವೇ ಬೇರೆ. ಒಳಗಿನ ಕಾರ್ಪೆಟ್ ಒದ್ದೆಯಾಗಿ ಗಾಜಿಗೆ ಜಿಡ್ಡು ಮಂಜು ಕೂತರೆ ಹೀಟರ್ ಕೋರ್, ಅಂದರೆ ಕಾರಿನೊಳಗೆ ಬಿಸಿಗಾಳಿ ಕೊಡುವ ಸಣ್ಣ ರೇಡಿಯೇಟರ್, ಹೋಗಿದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬಂದರೆ, ಆಯಿಲ್ ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆತ ಕಾಫಿಯಂಥ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ತೆಳು ಪದರ) ಮೇಲೆ ಅನುಮಾನ. ಎರಡೂ ಮನೆಯ ಅಂಗಳದಲ್ಲಿ ಮುಗಿಯುವ ಕೆಲಸವಲ್ಲ.

ಬಿಚ್ಚುವುದು, ಗಾಳಿ ತುಂಬಿಸಿ ನೋಡುವುದು

ಕ್ಲಾಂಪ್ ಸಡಿಲವಾದದ್ದಷ್ಟೇ ಆದರೆ ಹೊಸ ಕ್ಲಾಂಪ್ ಹಾಕಿ ಮುಗಿಸಿ. ಅಂಚು ಅಥವಾ ಕೋರ್ ಸೋರುತ್ತಿದ್ದರೆ ರೇಡಿಯೇಟರನ್ನು ಹೊರಗೆ ತೆಗೆಯುವುದೇ ಲೇಸು. ಜಾಗದಲ್ಲೇ ಇಟ್ಟು ಒತ್ತುತ್ತೇನೆ ಅಂದರೆ ಪ್ಲೇಯರ್ ನೆಟ್ಟಗೆ ಕೂರುವುದಿಲ್ಲ, ವಾರೆಯಾಗಿ ಒತ್ತಿ ಪ್ಲಾಸ್ಟಿಕ್ ಪಾದವೇ ಸೀಳುತ್ತದೆ. ಮೊದಲ ಸಲ ಮಾಡುವವರಿಗೆ ಬಿಚ್ಚಲು ಎರಡು ಮೂರು ಗಂಟೆ ಬೇಕು.

ಕೆಳಗೆ ಅಗಲವಾದ ಟಬ್ ಇಟ್ಟು, ರೇಡಿಯೇಟರ್ ಅಡಿಯ ಪ್ಲಾಸ್ಟಿಕ್ ಡ್ರೈನ್ ತಿರುಪು ಸಡಿಲಿಸಿ. ಹನ್ನೊಂದು ವರ್ಷದ ತಿರುಪು ಮುರಿಯುವಂತೆ ಕಂಡರೆ ಅದರ ಗೊಡವೆಗೆ ಹೋಗದೆ ಕೆಳಗಿನ ಹೋಸನ್ನೇ ಬಿಚ್ಚಿ. ಹೋಸ್ ಅಂಟಿಕೊಂಡಿದ್ದರೆ ನೇರವಾಗಿ ಎಳೆಯಬೇಡಿ, ಮೊದಲು ಕೈಯಿಂದ ತಿರುಚಿ ಸಡಿಲಿಸಿ. ಆಗಲೂ ಬಾರದಿದ್ದರೆ ಹೋಸನ್ನು ಉದ್ದಕ್ಕೆ ಸೀಳಿಬಿಡಿ. ಹೋಸ್ ಹೊಸದು ಸಿಗುತ್ತದೆ, ಟ್ಯಾಂಕಿನ ಮೂತಿ ಮುರಿದರೆ ರೇಡಿಯೇಟರೇ ಹೋಯಿತು. ಬಳಿಕ ಓವರ್‌ಫ್ಲೋ ಪೈಪು, ಫ್ಯಾನಿನ ವೈರ್ ಕನೆಕ್ಟರ್, ಫ್ಯಾನ್ ಕವರಿನ ಬೋಲ್ಟುಗಳು, ಮೇಲಿನ ಎರಡು ಬ್ರಾಕೆಟ್ ಬಿಚ್ಚಿ, ರೇಡಿಯೇಟರನ್ನು ಮೇಲಕ್ಕೆ ಎತ್ತಿ. ಕೆಳಗಿನ ಎರಡು ರಬ್ಬರ್ ಬುಷ್ ಕಳೆಯದಂತೆ ನೋಡಿಕೊಳ್ಳಿ.

ಮುಂದೆ ಇರುವ ಇನ್ನೊಂದು ಜಾಲರಿ ಏಸಿ ಕಂಡೆನ್ಸರ್. ಕೆಲವು ಕಾರುಗಳಲ್ಲಿ ಅದು ರೇಡಿಯೇಟರಿಗೇ ಬೋಲ್ಟ್ ಆಗಿರುತ್ತದೆ. ಬೋಲ್ಟ್ ಬಿಚ್ಚಿ, ಹಗ್ಗದಿಂದ ಬಾಡಿಗೆ ಕಟ್ಟಿ ನಿಲ್ಲಿಸಿ. ಅದರ ಗ್ಯಾಸ್ ಪೈಪಿಗೆ ಮಾತ್ರ ಸ್ಪ್ಯಾನರ್ ತಾಗಿಸಬೇಡಿ. ಈ ಉತ್ತರ ಓದುವ ಆಟೋಮ್ಯಾಟಿಕ್ ಕಾರಿನವರಿಗೆ ಒಂದು ಮಾತು: ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಬಗೆಯ ಆಟೋಮ್ಯಾಟಿಕ್ ಗೇರ್ ಇರುವ ಹಲವು ಕಾರುಗಳಲ್ಲಿ ಗೇರ್ ಆಯಿಲ್ ತಣಿಸುವ ಕೊಳವೆ ರೇಡಿಯೇಟರ್ ಟ್ಯಾಂಕಿನೊಳಗೇ ಇರುತ್ತದೆ. ಕೂಲೆಂಟಿನಲ್ಲಿ ಗುಲಾಬಿ ಬಣ್ಣದ ಕೆನೆ ಕಂಡರೆ ಆ ಕೊಳವೆ ತೂತಾಗಿ ಎರಡೂ ಬೆರೆತಿವೆ ಅಂತ ಅರ್ಥ. ಅಂಥ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಬೇಕು.

ಪರೀಕ್ಷೆಗೆ ಬೇಕಾದ ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಎರಡು ಹಳೆಯ ಹೋಸ್ ತುಂಡು, ಅವುಗಳೊಳಗೆ ಬಿಗಿಯಾಗಿ ಕೂರುವ ಎರಡು ಪಿವಿಸಿ ಪೈಪ್ ತುಂಡು, ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪ್, ನಾಲ್ಕು ತಿರುಪಿನ ಕ್ಲಾಂಪ್, ಪಂಕ್ಚರ್ ಅಂಗಡಿಯಿಂದ ಒಂದು ಟ್ಯೂಬ್‌ಲೆಸ್ ಟೈರ್ ವಾಲ್ವ್, ಗೇಜ್ ಇರುವ ಕಾಲು ಪಂಪು. ಒಂದು ಎಂಡ್ ಕ್ಯಾಪಿಗೆ 11.5 ಮಿ.ಮೀ. ತೂತು ಕೊರೆದು ವಾಲ್ವ್ ಒಳಗಿನಿಂದ ಎಳೆದು ಕೂರಿಸಿ. ಅದನ್ನು ಮೇಲಿನ ಮೂತಿಗೆ, ಮುಚ್ಚಿದ್ದನ್ನು ಕೆಳಗಿನ ಮೂತಿಗೆ ಸಿಕ್ಕಿಸಿ ಕ್ಲಾಂಪ್ ಬಿಗಿ ಮಾಡಿ. ರೇಡಿಯೇಟರ್ ಕ್ಯಾಪ್ ಹಾಕಿ, ಅದರ ಕೆಳಗಿನ ಸಣ್ಣ ನಳಿಕೆ ಹಾಗೇ ಇರಲಿ. ಅಲ್ಲಿಂದ ಬೇಗನೆ ಗಾಳಿ ಬಂದರೆ ಕ್ಯಾಪ್ ಕೆಟ್ಟಿದೆ ಅಂತಲೂ ಗೊತ್ತಾಗುತ್ತದೆ. ಕ್ಯಾಪ್ ಪಕ್ಕದ ಬಾಟಲಿಯ ಮೇಲೇ ಇದ್ದು, ರೇಡಿಯೇಟರಿಗೆ ಬೇರೆ ಮೂತಿ ಇಲ್ಲದ ಕಾರುಗಳಲ್ಲಿ ಉಳಿದ ನಳಿಕೆಯನ್ನೂ ಇದೇ ರೀತಿ ಮುಚ್ಚಿ.

ನೀರು ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ ಮೊದಲು 7 ಪಿಎಸ್‌ಐ, ಬಳಿಕ 12 ಪಿಎಸ್‌ಐವರೆಗೆ ನಿಧಾನವಾಗಿ ಪಂಪು ಹೊಡೆಯಿರಿ. ಕ್ಯಾಪ್ ಮೇಲಿನ ಅಂಕಿ ದಾಟಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದಕ್ಕೆ ಖಂಡಿತ ಬೇಡ, ಅದರ ಒಂದು ಜರ್ಕಿಗೆ ಟ್ಯಾಂಕ್ ಸೀಳುತ್ತದೆ. ಮುಚ್ಚಿದ ಬಿರಡೆಗಳ ನೇರಕ್ಕೆ ಮುಖ ಇಡಬೇಡಿ. ಗುಳ್ಳೆ ಸಾಲಾಗಿ ಏಳುವ ಜಾಗಕ್ಕೆ ಮಾರ್ಕರ್ ಹಿಡಿಯುವುದಿಲ್ಲ. ಹತ್ತಿರದ ಫಿನ್ (ಕೊಳವೆಗಳ ನಡುವಿನ ತೆಳು ತಗಡು) ಸಂದಿನಲ್ಲಿ ಬಣ್ಣದ ದಾರ ತೂರಿಸಿ ಗಂಟು ಹಾಕಿ. ಒಂದು ತೂತು ಸಿಕ್ಕಿತೆಂದು ನಿಲ್ಲಿಸದೆ ಎರಡೂ ಮಗ್ಗುಲು ತಿರುಗಿಸಿ ನೋಡಿ. ತೊಟ್ಟಿ ಇಲ್ಲದಿದ್ದರೆ ಪಾತ್ರೆ ತೊಳೆಯುವ ಸೋಪಿನ ನೊರೆ ಬ್ರಷ್ಷಿನಿಂದ ಹಚ್ಚಿದರೂ ಆದೀತು.

ಅಂಚು ಸೋರುತ್ತಿದ್ದರೆ

ನಿಮ್ಮ ವಿವರಣೆ ನೋಡಿದರೆ ಹೆಚ್ಚು ಸಾಧ್ಯತೆ ಇದಕ್ಕೇ. ಹತ್ತು ವರ್ಷ ಬಿಸಿ, ತಣ್ಣಗೆ ಆಗುತ್ತ ಬಂದ ರಬ್ಬರ್ ಗ್ಯಾಸ್ಕೆಟ್ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಮಡಚಿದ ಹಲ್ಲುಗಳೂ ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತವೆ. ಇಲ್ಲಿ ಹೊರಗಿನಿಂದ ಎಂಥ ಅಂಟು ಮೆತ್ತಿದರೂ ಅದು ನೈಲಾನಿಗೆ ಸರಿಯಾಗಿ ಹಿಡಿಯುವುದಿಲ್ಲ. ಜೊತೆಗೆ ಬಿಸಿಗೆ ನೈಲಾನ್ ಒಂದು ಲೆಕ್ಕದಲ್ಲಿ, ಅಲ್ಯೂಮಿನಿಯಂ ಇನ್ನೊಂದು ಲೆಕ್ಕದಲ್ಲಿ ಹಿಗ್ಗುವುದರಿಂದ ನಡುವಿನ ಅಂಟು ವಾರದೊಳಗೆ ಎದ್ದು ಬರುತ್ತದೆ. ಎಂ-ಸೀಲ್ ಬೇಡ ಅಂದದ್ದು ಇದಕ್ಕೆ.

ರೇಡಿಯೇಟರನ್ನು ಗೋಣಿಚೀಲದ ಮೇಲೆ ಮಲಗಿಸಿ. ಬಾಯಿ ಹೊಂದಿಸಬಹುದಾದ ವಾಟರ್ ಪಂಪ್ ಪ್ಲೇಯರ್ ತೆಗೆದುಕೊಳ್ಳಿ. ಒಂದು ದವಡೆ ಹಲ್ಲಿನ ಮೇಲೆ, ಇನ್ನೊಂದು ದವಡೆ ಕೋರ್ ಬದಿಯ ಅಲ್ಯೂಮಿನಿಯಂ ತಟ್ಟೆಯ ಅಂಚಿನ ಕೆಳಗೆ ಬರಬೇಕು. ಪ್ಲಾಸ್ಟಿಕ್ ಮೇಲೆ ಯಾವ ದವಡೆಯೂ ಕೂರಬಾರದು. ಗುಳ್ಳೆ ಬಂದ ಜಾಗದ ಎರಡೂ ಕಡೆ ಮೂರು ಮೂರು ಹಲ್ಲುಗಳಿಂದ ಶುರುಮಾಡಿ ನಡುವಿಗೆ ಬನ್ನಿ. ಒಂದೇ ಒತ್ತಿಗೆ ಬಗ್ಗಿಸಬೇಡಿ, ಸ್ವಲ್ಪ ಒತ್ತಿ ಮುಂದಿನ ಹಲ್ಲಿಗೆ ಹೋಗಿ, ಎರಡು ಮೂರು ಸುತ್ತು ಬನ್ನಿ. ಹಲ್ಲು ಪ್ಲಾಸ್ಟಿಕ್ ಪಾದಕ್ಕೆ ಪೂರ್ತಿ ತಾಗಿ ಕೂತರೆ ಸಾಕು. ಇನ್ನೂ ಒತ್ತಿದರೆ ಪಾದ ಚಟ್ ಎನ್ನುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಮತ್ತೆ ಮುಳುಗಿಸಿ ನೋಡಿ. ಸಣ್ಣ ಜಿನುಗು ಇಷ್ಟಕ್ಕೇ ನಿಲ್ಲುವುದುಂಟು.

ನಿಲ್ಲಲಿಲ್ಲವೆಂದರೆ ಗ್ಯಾಸ್ಕೆಟ್ ಬದಲಿಸಬೇಕು. ಇದನ್ನು ಮನೆಯಲ್ಲಿ ಮಾಡಬಹುದು, ಆದರೆ ನನ್ನ ಸಲಹೆ ಮಾಡಬೇಡಿ ಅಂತಲೇ. ಟ್ಯಾಂಕ್ ತೆಗೆಯಲು ಸುತ್ತಲಿನ ಅಷ್ಟೂ ಹಲ್ಲು ಮೇಲೆತ್ತಿ, ಮತ್ತೆ ಮಡಚಬೇಕು. ಅಲ್ಯೂಮಿನಿಯಂ ಎರಡನೇ ಸಲ ಬಗ್ಗಲು ಒಪ್ಪುತ್ತದೆ, ಮೂರನೇ ಸಲ ಮುರಿಯುತ್ತದೆ. ಅಳತೆಯ ಗ್ಯಾಸ್ಕೆಟ್ ಬಿಡಿಯಾಗಿ ಸಿಗುವುದೂ ಕಷ್ಟ. ಅದರ ಬದಲು ಸಿಲಿಕೋನ್ ಪೇಸ್ಟ್ ತುಂಬಿ ಮಡಚುವವರಿದ್ದಾರೆ, ಅದು ಬಾಳುವುದಿಲ್ಲ. ರೇಡಿಯೇಟರ್ ಕೆಲಸವನ್ನೇ ಮಾಡುವ ಅಂಗಡಿಗಳಲ್ಲಿ ಗ್ಯಾಸ್ಕೆಟ್ ರಬ್ಬರೂ ಇರುತ್ತದೆ, ಹಲ್ಲು ಒತ್ತುವ ಅಚ್ಚೂ ಇರುತ್ತದೆ. ನೀವು ಬಿಚ್ಚಿ ಒಯ್ದರೆ ಬಿಚ್ಚಿ ಹಾಕುವ ಕೂಲಿ ಉಳಿಯುತ್ತದೆ. ಬೆಂಗಳೂರಿಗೆ ಬರುವ ಕೆಲಸವಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸದರ ಬೆಲೆಯನ್ನೂ ವಿಚಾರಿಸಿ. ಗ್ಯಾಸ್ಕೆಟ್ ಕೆಲಸದ ಖರ್ಚು ಹೊಸದರ ಅರ್ಧ ದಾಟುತ್ತದೆ ಎಂದಾದರೆ ಹೊಸದೇ ವಾಸಿ. ಒಂದು ಬದಿಯ ಗ್ಯಾಸ್ಕೆಟ್ ಮುದಿಯಾಗಿದ್ದರೆ ಇನ್ನೊಂದು ಬದಿಯದೂ ಅದೇ ವಯಸ್ಸಿನದು.

ಕೋರ್‌ನಲ್ಲಿ ತೂತಿದ್ದರೆ

ಕಲ್ಲು ತಾಗಿ ಅಥವಾ ಒಳಗಿನಿಂದ ಕೊರೆದು ಸೂಜಿಮೊನೆಯಷ್ಟು ತೂತಾದ ಅಲ್ಯೂಮಿನಿಯಂ ಕೊಳವೆ, ಇದೊಂದೇ ಜಾಗದಲ್ಲಿ ಅಂಟಿಗೆ ನಿಜವಾದ ಕೆಲಸ. ಬೆಸುಗೆ ಯಾಕೆ ಬೇಡ ಅಂದರೆ, ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೈಮೇಲಿನ ಆಕ್ಸೈಡ್ ಪೊರೆ 2,000 ಡಿಗ್ರಿ ದಾಟಿದರೂ ಕರಗುವುದಿಲ್ಲ. ಪೊರೆ ಒಡೆಯದೆ ಬೆಸುಗೆ ಹಿಡಿಯದು. ಪೊರೆ ತಿನ್ನುವ ಫ್ಲಕ್ಸ್, ಸುಮಾರು 400 ಡಿಗ್ರಿಗೆ ಕರಗುವ ಸತುವಿನ ಕಡ್ಡಿ ಆನ್‌ಲೈನಿನಲ್ಲಿ ಸಿಗುತ್ತವೆ ನಿಜ. ಆದರೆ ನೈಲಾನ್ ಟ್ಯಾಂಕ್ ಸುಮಾರು 260 ಡಿಗ್ರಿಗೇ ಕರಗುತ್ತದೆ, ಗ್ಯಾಸ್ಕೆಟ್ ಅದಕ್ಕೂ ಮೊದಲೇ ಸುಡುತ್ತದೆ. ಕಾಗದದಷ್ಟು ತೆಳು ಕೊಳವೆಯ ಮೇಲೆ ಗ್ಯಾಸ್ ಟಾರ್ಚ್ ಹಿಡಿದು ಕೈ ಪಳಗಿಸಿಕೊಳ್ಳಲು ನಿಮ್ಮ ಓಡುವ ಕಾರಿನ ರೇಡಿಯೇಟರ್ ಸರಿಯಾದ ಜಾಗವಲ್ಲ.

ಅಂಟು ಆರಿಸುವಾಗ ಪೊಟ್ಟಣದ ಹಿಂಬದಿ ಓದಿ. ಕೂಲೆಂಟ್ ದಿನವೂ 90ರಿಂದ 105 ಡಿಗ್ರಿ ಮುಟ್ಟುತ್ತದೆ. ನಲ್ಲಿ ಪೈಪಿಗೆ ಹಾಕುವ ಸಾಮಾನ್ಯ ಎಪಾಕ್ಸಿ, ಐದು ನಿಮಿಷಕ್ಕೆ ಗಟ್ಟಿಯಾಗುವ ಪಾರದರ್ಶಕ ಅಂಟು ಇವೆಲ್ಲ ಆ ಬಿಸಿಗೆ ಮೆತ್ತಗಾಗುತ್ತವೆ. ಲೋಹದ ಪುಡಿ ಬೆರೆಸಿದ, ಕನಿಷ್ಠ 150 ಡಿಗ್ರಿ ತಡೆಯುತ್ತದೆಂದು ಬರೆದಿರುವ, ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಬೇಕು. ಜೆಬಿ ವೆಲ್ಡ್‌ನ ಮೂಲ ಮಾದರಿ ಅಂಥದ್ದು, ಪೂರ್ತಿ ಗಟ್ಟಿಯಾಗಲು ಒಂದು ದಿನ ತೆಗೆದುಕೊಳ್ಳುತ್ತದೆ.

ದಾರ ಕಟ್ಟಿದ ಜಾಗದ ಸುತ್ತ ಎರಡು ಸೆಂಟಿಮೀಟರ್‌ನಷ್ಟು ಫಿನ್‌ಗಳನ್ನು ಮೊನೆಯ ಪ್ಲೇಯರ್‌ನಿಂದ ಕಿತ್ತು ತೆಗೆಯಿರಿ. ಅಷ್ಟು ಫಿನ್ ಹೋದರೆ ತಣಿಸುವ ಶಕ್ತಿಗೆ ಲೆಕ್ಕಕ್ಕೆ ಬರುವಷ್ಟು ನಷ್ಟವಿಲ್ಲ. ಕೊಳವೆಯ ಮೈ ಬತ್ತಲಾದ ಮೇಲೆ 80 ಅಥವಾ 100 ನಂಬರಿನ ಎಮರಿ ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿ. ಆಮೇಲೆ ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಉಗುರಿನ ಬಣ್ಣ ತೆಗೆಯುವ ದ್ರಾವಣದಲ್ಲಿ ಎಣ್ಣೆಯಂಶ ಇರುವುದುಂಟು, ಅದು ಬೇಡ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ. ಇಷ್ಟೆಲ್ಲ ಮಾಡಿಯೂ ಬಹುತೇಕ ಕೆಲಸ ಕೆಡುವುದು ಒಳಗೆ ಉಳಿದ ತೇವದಿಂದ. ತೂತಿನಿಂದ ಒಂದು ಹನಿ ಜಿನುಗಿದರೂ ಅಂಟು ಅದರ ಮೇಲೆ ತೇಲುತ್ತದೆ. ಅರ್ಧ ದಿನ ಬಿಸಿಲಲ್ಲಿ ನಿಲ್ಲಿಸಿ, ಹೇರ್ ಡ್ರೈಯರಿನಿಂದ ಮೂತಿಯೊಳಗೆ ಬಿಸಿಗಾಳಿ ಬಿಡಿ.

ಎರಡು ಟ್ಯೂಬಿನಿಂದ ಸಮ ಅಳತೆ ತೆಗೆದು, ಬಣ್ಣ ಒಂದೇ ಆಗುವವರೆಗೆ ಎರಡು ನಿಮಿಷ ಕಲಸಿ. ಮೊದಲ ಪದರವನ್ನು ತೂತಿನೊಳಗೆ ತಿಕ್ಕುವಂತೆ ತೆಳ್ಳಗೆ ಹಚ್ಚಿ. ಆಗ ಒಂದು ಮೂತಿ ಮುಚ್ಚಿ, ಇನ್ನೊಂದಕ್ಕೆ ವ್ಯಾಕ್ಯೂಮ್ ಕ್ಲೀನರ್ ಕೊಳವೆಯನ್ನು ಸ್ವಲ್ಪ ಸಂದಿ ಬಿಟ್ಟು ಐದಾರು ಸೆಕೆಂಡ್ ಹಿಡಿದರೆ ಅಂಟು ತೂತಿನೊಳಕ್ಕೆ ಎಳೆದುಕೊಳ್ಳುತ್ತದೆ. ಓಡುವಾಗ ಒಳಗಿನ ಒತ್ತಡ ಅಂಟನ್ನು ಹೊರಕ್ಕೆ ತಳ್ಳುತ್ತಲೇ ಇರುವುದರಿಂದ ಒಳಗೆ ಬೇರು ಬಿಟ್ಟ ಅಂಟು ಮಾತ್ರ ನಿಲ್ಲುತ್ತದೆ. ಎರಡನೇ ಪದರ ಸುತ್ತ ಒಂದು ಸೆಂಟಿಮೀಟರ್ ಚಾಚುವಂತಿರಲಿ, ನಡುವೆ 2–3 ಮಿ.ಮೀ. ದಪ್ಪ, ಅಂಚಿಗೆ ಹೋಗುತ್ತ ತೆಳು. ಉಂಡೆ ಕಟ್ಟಿ ಮೆತ್ತಿದರೆ ಹೆಚ್ಚು ಗಟ್ಟಿ ಅನ್ನುವುದು ತಪ್ಪು. ಎಪಾಕ್ಸಿ ಅಲ್ಯೂಮಿನಿಯಮ್ಮಿಗಿಂತ ಹೆಚ್ಚು ಹಿಗ್ಗುತ್ತದೆ, ದಪ್ಪ ಉಂಡೆಯ ಅಂಚೇ ಮೊದಲು ಏಳುವುದು. 24 ಗಂಟೆ ಮುಟ್ಟದೆ ಬಿಟ್ಟು, ಮತ್ತೆ 12 ಪಿಎಸ್‌ಐಗೆ ಹತ್ತು ನಿಮಿಷ ಮುಳುಗಿಸಿ ನೋಡಿ.

ಕೊಳವೆ ಸೀಳಿದ್ದರೆ ತೂತು ಮುಚ್ಚುವ ಬದಲು ಆ ಕೊಳವೆಯನ್ನೇ ಕೈಬಿಡಬಹುದು. ಸೀಳಿನ ನಡುವೆ ಕತ್ತರಿಸಿ, ಎರಡೂ ತುದಿಯನ್ನು ಪ್ಲೇಯರಿನಿಂದ ಚಪ್ಪಟೆ ಮಾಡಿ, ಒಮ್ಮೆ ಮಡಚಿ, ಮಡಿಕೆಯ ಮೇಲೆ ಎಪಾಕ್ಸಿ ಹಚ್ಚಿ. ಮೂವತ್ತು ನಲವತ್ತು ಕೊಳವೆಗಳಲ್ಲಿ ಒಂದೆರಡು ಹೋದರೆ ಎಂಜಿನ್‌ಗೆ ಗೊತ್ತಾಗುವುದಿಲ್ಲ. ಮೂರು ನಾಲ್ಕು ಕಡೆ ಗುಳ್ಳೆ ಬಂದರೆ ಮಾತ್ರ ಯಾವ ರಿಪೇರಿಗೂ ಹೋಗಬೇಡಿ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ನಿಂತ ಕಾರುಗಳಲ್ಲಿ ಫಿನ್ ಮುಟ್ಟಿದರೆ ಬಿಳಿ ಪುಡಿಯಾಗಿ ಉದುರುತ್ತದೆ. ಅಂಥದ್ದು ಸೋರದಿದ್ದರೂ ಬದಲಿಸುವ ವಯಸ್ಸಿನದು.

ಇನ್ನು ಪ್ಲಾಸ್ಟಿಕ್ ಟ್ಯಾಂಕೇ ಬಿರುಕು ಬಿಟ್ಟಿದ್ದರೆ, ಹೊಸದು. ಬಿರುಕಿನ ತುದಿಗಳಿಗೆ 2 ಮಿ.ಮೀ. ತೂತು ಕೊರೆದು, ಅದು ಮುಂದೆ ಓಡದಂತೆ ತಡೆದು, ಎಪಾಕ್ಸಿ ಹಚ್ಚಿ ಹೊಸದು ಬರುವವರೆಗೆ ದೂಡಬಹುದು, ಅಷ್ಟೆ. ಒಂದು ಬಿರುಕು ಕಂಡಿತೆಂದರೆ ನೈಲಾನ್ ಇಡಿಯಾಗಿ ಪೆಡಸಾಗಿದೆ.

ಅರಿಶಿನ, ಮೊಟ್ಟೆ, ಡಬ್ಬಿಯ ಪುಡಿ

ಅರಿಶಿನ ಪುಡಿ ಸುಳ್ಳಲ್ಲ. ಲಾರಿ ಚಾಲಕರು ಅದನ್ನು ನಂಬಿಕೊಂಡು ಘಾಟಿ ದಾಟಿದ್ದೂ ಉಂಟು. ಅದರ ನಾರು, ಪಿಷ್ಟ ತೂತಿನ ಬಾಯಲ್ಲಿ ಸಿಕ್ಕಿಕೊಂಡು ಮುಚ್ಚುತ್ತವೆ. ಮೊಟ್ಟೆಯ ಬಿಳಿ ಬಿಸಿಗೆ ಬೆಂದು ಅದೇ ಕೆಲಸ ಮಾಡುತ್ತದೆ. ತೊಂದರೆ ಏನೆಂದರೆ ಯಾವುದು ತೂತು, ಯಾವುದು ದಾರಿ ಅಂತ ಪುಡಿಗೆ ಗೊತ್ತಾಗುವುದಿಲ್ಲ. ಹಳೆಯ ಲಾರಿ ರೇಡಿಯೇಟರ್‌ನ ಅಗಲ ಕೊಳವೆಗೆ ಅದು ಅಡ್ಡಿಯಾಗುತ್ತಿರಲಿಲ್ಲ. ಈಗಿನ ಕೊಳವೆಯ ಒಳಗಿನ ಸಂದಿ 2 ಮಿ.ಮೀ. ಆಸುಪಾಸು, ಹೀಟರ್ ಕೋರ್‌ನದ್ದೂ ಅಷ್ಟೇ. ಅಂಗಡಿಯ ಸ್ಟಾಪ್ ಲೀಕ್ ಡಬ್ಬಿ ಇದಕ್ಕಿಂತ ಮೇಲು, ಆದರೂ ಅದೇ ಕುಲ. ಊರಿಂದ ದೂರದಲ್ಲಿ ಸಿಕ್ಕಿಬಿದ್ದಾಗ ಡಬ್ಬಿಯ ಮೇಲೆ ಬರೆದ ಅಳತೆಯಷ್ಟೇ ಹಾಕಿ ಮನೆ ಸೇರಿ, ಸೇರಿದ ಮೇಲೆ ಇಡೀ ವ್ಯವಸ್ಥೆ ತೊಳೆಯಿರಿ. ಅಂಚಿನ ಗ್ಯಾಸ್ಕೆಟ್ ಸೋರಿಕೆಗಂತೂ ಇದು ಬಹಳ ಸಲ ಕೆಲಸವನ್ನೇ ಮಾಡುವುದಿಲ್ಲ. ಆ ಸಂದಿ ಬಿಸಿಗೆ ಒಂದಳತೆ, ತಣ್ಣಗಾದಾಗ ಇನ್ನೊಂದಳತೆ.

ದಾರಿಯಲ್ಲಿ ಹೆಚ್ಚು ಸೋರಿದರೆ ಏಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಜೋರು ಮಾಡಿ. ಸೆಖೆಯಾಗುತ್ತದೆ, ಎಂಜಿನ್ ಉಳಿಯುತ್ತದೆ. ಬಿಸಿಯಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಾಗುತ್ತದೆ. ಈಗಿನ ಹಲವು ಸಣ್ಣ ಕಾರುಗಳಲ್ಲಿ ಉಷ್ಣತೆ ತೋರಿಸುವ ಮುಳ್ಳೇ ಇಲ್ಲ, ಇರುವುದು ಒಂದು ಕೆಂಪು ದೀಪ. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಆ ದೀಪಕ್ಕೂ ನಿಜ ಗೊತ್ತಾಗುತ್ತದೆ. ಕೂಲೆಂಟ್ ಪೂರ್ತಿ ಖಾಲಿಯಾದರೆ ಎಂಜಿನ್ ಸುಡುತ್ತಿದ್ದರೂ ದೀಪ ತಡವಾಗಿ ಹತ್ತಬಹುದು.

ಮತ್ತೆ ತುಂಬಿಸುವುದು

ಬೋರ್‌ವೆಲ್ ನೀರು ಇಲ್ಲಿಗೆ ನಿಲ್ಲಲಿ. ಅದರ ಸುಣ್ಣದಂಶ ಕೊಳವೆಯೊಳಗೆ ಪೊರೆ ಕಟ್ಟುತ್ತದೆ, ಕ್ಲೋರೈಡ್ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ತುಕ್ಕು ತಡೆಯುವ ಮದ್ದು ಇರುವುದು ಕೂಲೆಂಟಿನಲ್ಲೇ; ವಾರಕ್ಕೆ ಅರ್ಧ ಲೀಟರಿನಂತೆ ತಿಂಗಳಲ್ಲಿ ಎರಡು ಲೀಟರ್ ನೀರು ಸೇರಿದ್ದರಿಂದ ಅದೂ ತೆಳುವಾಗಿದೆ. ನಮ್ಮ ಊರುಗಳಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲೆಂಟ್ ಯಾಕೆ ಅನ್ನುವವರಿದ್ದಾರೆ. ಇಲ್ಲಿ ಅದು ಬೇಕಿರುವುದು ತುಕ್ಕಿಗೆ ಮತ್ತು ಕುದಿಗೆ. ಬೆಂಗಳೂರಿನಂಥ 900 ಮೀಟರ್ ಎತ್ತರದ ಊರಿನಲ್ಲಿ ಬರೀ ನೀರು ತೆರೆದ ಪಾತ್ರೆಯಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ತುಮಕೂರು ಅದಕ್ಕಿಂತ ಹೆಚ್ಚು ತಗ್ಗಿನಲ್ಲೇನೂ ಇಲ್ಲ.

ರೇಡಿಯೇಟರ್ ಕೂರಿಸಿದ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಬಿಸಿಗೆ ಇಟ್ಟು ಹದಿನೈದು ನಿಮಿಷ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಇಳಿಸಿ. ಇಳಿದ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಅಂತಲೇ ಕೇಳಿ, ಆಸಿಡ್ ಕ್ಯಾನೂ ಅದರ ಪಕ್ಕದಲ್ಲೇ ಇರುತ್ತದೆ. ಇಳಿಸಿದಾಗ ರೇಡಿಯೇಟರಿನದಷ್ಟೇ ಖಾಲಿಯಾಗುತ್ತದೆ, ಎಂಜಿನ್ ಬ್ಲಾಕಿನಲ್ಲಿ ಒಂದೂವರೆ ಲೀಟರಿನಷ್ಟು ನೀರು ಉಳಿದಿರುತ್ತದೆ. ಆದ್ದರಿಂದ ಒಟ್ಟು ಹಿಡಿತ 4 ಲೀಟರ್ ಎಂದು ಕೈಪಿಡಿಯಲ್ಲಿದ್ದರೆ ಮೊದಲು 2 ಲೀಟರ್ ಗಟ್ಟಿ (ನೀರು ಬೆರೆಸದ, ಕಾನ್ಸಂಟ್ರೇಟ್) ಕೂಲೆಂಟ್ ಹಾಕಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ಆಗ ಅರ್ಧಕ್ಕರ್ಧ ಕೂಡುತ್ತದೆ. ನೀರು ಬೆರೆಸಿಯೇ ಮಾರುವ ರೆಡಿಮಿಕ್ಸ್ ಡಬ್ಬಿ ತಂದರೆ ಈ ಲೆಕ್ಕ ಕೂಡದು. ಡಬ್ಬಿಯ ಬಣ್ಣ ನೋಡಿ ಹಳೆಯದಕ್ಕೆ ಹೊಸದು ಬೆರೆಸಬೇಡಿ. ಹಸಿರು, ಕೆಂಪು, ನೀಲಿ ಇವು ಕಂಪನಿಯ ಇಷ್ಟ, ಒಳಗಿನ ರಾಸಾಯನಿಕದ ಗುರುತಲ್ಲ. ಹೊಂದದವು ಬೆರೆತರೆ ಲೋಳೆಯಾಗುವುದುಂಟು.

ನಿಧಾನವಾಗಿ ಸುರಿಯಿರಿ, ನಡುನಡುವೆ ಮೇಲಿನ ಹೋಸ್ ಹಿಸುಕಿ ಗಾಳಿ ಬಿಡಿಸಿ. ಗಾಳಿ ಬಿಡುವ ತಿರುಪು ಇರುವ ಕಾರಾದರೆ ಅಲ್ಲಿಂದ ಗುಳ್ಳೆಯಿಲ್ಲದೆ ಧಾರೆ ಬರುವವರೆಗೆ ಅದನ್ನು ಸಡಿಲ ಬಿಡಿ. ಕ್ಯಾಪ್ ತೆಗೆದೇ ಎಂಜಿನ್ ಚಾಲೂ ಮಾಡಿ, ಮಟ್ಟ ಇಳಿದಂತೆ ತುಂಬಿ. ಮೇಲಿನ ಹೋಸ್ ಬಿಸಿಯಾಗತೊಡಗಿತೆಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆಯಿತು. ಆಗ ಮಟ್ಟ ಮತ್ತೊಮ್ಮೆ ಇಳಿಯುತ್ತದೆ, ತುಂಬಿ ಕ್ಯಾಪ್ ಹಾಕಿ. ಒಳಗೆ ಹೀಟರ್ ಗಾಳಿ ಬಿಸಿಯಾಗಿ ಬಾರದಿದ್ದರೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ.

ಇಳಿಸಿದ ಹಳೆಯ ಕೂಲೆಂಟ್ ಟಬ್ಬಿನಲ್ಲಿ ಐದು ನಿಮಿಷವೂ ತೆರೆದಿರಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದೇ ಅಪಾಯ. ಚರಂಡಿಗೆ, ಗಿಡದ ಬುಡಕ್ಕೆ ಚೆಲ್ಲದೆ ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿನಲ್ಲಿ ಕೂಲೆಂಟನ್ನೂ ತೆಗೆದುಕೊಳ್ಳುತ್ತಾರೆಯೇ ಕೇಳಿ ಕೊಡಿ. ಆಯಿಲ್ ಡಬ್ಬಕ್ಕೆ ಬೆರೆಸಬೇಡಿ.

ಕೋರ್‌ನಲ್ಲಿ ತೂತು ಸಿಕ್ಕಿದ್ದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ ಹಿಡಿದು, ಕೆಂಪು ಕಡ್ಡಿಯನ್ನು ಲೋಹಕ್ಕೆ ತಾಗದಂತೆ ಕೂಲೆಂಟಿನಲ್ಲಿ ಅದ್ದಿ. ಡಿಸಿ ವೋಲ್ಟ್ 0.1ರ ಒಳಗಿರಬೇಕು. ಹೆಡ್‌ಲೈಟ್, ಫ್ಯಾನ್ ಹಾಕಿದಾಗ 0.3 ದಾಟಿದರೆ ಎಲ್ಲೋ ಅರ್ತ್ ವೈರ್ ಕೆಟ್ಟು, ಕರೆಂಟು ಕೂಲೆಂಟಿನ ಮೂಲಕ ಹರಿಯುತ್ತಿದೆ. ಅದನ್ನು ಸರಿ ಮಾಡದೆ ಹೊಸ ರೇಡಿಯೇಟರ್ ಹಾಕಿದರೂ ಅದೂ ಹಾಗೆಯೇ ತೂತಾಗುತ್ತದೆ. ಬ್ಯಾಟರಿಯಿಂದ ಎಂಜಿನ್‌ಗೆ, ಬಾಡಿಗೆ ಹೋಗುವ ಅರ್ತ್ ವೈರಿನ ತುದಿಗಳನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿ ಮತ್ತೆ ಅಳೆಯಿರಿ.

ಮೊದಲ ವಾರ ದಿನವೂ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾಟಲಿಯ ಮಟ್ಟಕ್ಕೆ ಮಾರ್ಕರ್ ಗೆರೆ ಹಾಕಿ. ಮೊದಲ ಎರಡು ದಿನ ಅರ್ಧ ಬೆರಳಿನಷ್ಟು ಇಳಿದರೆ ಅದು ಉಳಿದ ಗಾಳಿ ಹೊರಬಂದದ್ದು, ತುಂಬಿಸಿ ಬಿಡಿ. ಮೂರನೇ ದಿನದ ಮೇಲೂ ಇಳಿಯುತ್ತಿದ್ದು, ಪೌಡರ್ ಹಾಕಿದ ಅಂಚು ಒಣಗಿಯೇ ಇದ್ದರೆ, ಗ್ಯಾರೇಜಿನಲ್ಲಿ ಕೂಲೆಂಟಿಗೆ ಎಂಜಿನ್ ಹೊಗೆ ಬೆರೆಯುತ್ತಿದೆಯೇ ಅಂತ ನೋಡುವ ಬಣ್ಣದ ದ್ರಾವಣದ ಪರೀಕ್ಷೆ ಮಾಡಿಸಿ. ಹೆಡ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಆ ದ್ರಾವಣ ನೀಲಿಯಿಂದ ಹಳದಿಗೆ ತಿರುಗುತ್ತದೆ.